ಕೊಡುವ ಮೊದಲು ಏನಾದರೂ ಕೇಳಿ

ಪ್ರಶ್ನೆ: ನಾವು ಕ್ರೈಸ್ತರು. ಯಜಮಾನರಿಗೆ ವರ್ಗವಾಗಿ ಎಂಟು ತಿಂಗಳ ಹಿಂದೆ ಹೊನ್ನಾವರದಿಂದ ಕಾರವಾರದ ಕೋಡಿಬಾಗಕ್ಕೆ ಬಂದೆವು. ಅಕ್ಕಪಕ್ಕದವರೆಲ್ಲ ಹಿಂದೂಗಳು. ಒಳ್ಳೆಯ ಜನ, ಆದರೆ ಮಾತು ಗೇಟಿನ ಹತ್ತಿರವೇ ಮುಗಿಯುತ್ತದೆ. ಇಗರ್ಜಿಯಲ್ಲಿ ಪಾದ್ರಿಗಳು, ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನಿಗೆ ಪರಜಾತಿಯವನೊಬ್ಬ ನೆರವಾದ 'ಒಳ್ಳೆಯ ಸಮಾರ್ಯದವನ' ಕಥೆ ಹೇಳಿ, ನೆರೆಯವರನ್ನು ಪ್ರೀತಿಸಿ ಅಂದರು. ಕ್ರಿಸ್ಮಸ್‌ಗೆ ಕೇಕ್ ಕೊಟ್ಟೆ. ನಗುತ್ತಾ ತೆಗೆದುಕೊಂಡರು, ಅಷ್ಟೇ. ಜಾಸ್ತಿ ಹತ್ತಿರ ಹೋದರೆ ಮತಾಂತರಕ್ಕೆ ಬಂದಿದ್ದಾಳೆ ಅಂದುಕೊಂಡಾರು ಎಂಬ ಭಯ. ಚೌತಿಗೆ ಕರೆದರೆ ಹೋಗಬಹುದೇ?
– ಒಬ್ಬ ಓದುಗಿ, ಕಾರವಾರ

ಉತ್ತರ: ತಂಗಿ, ಆ ಕೇಕಿಗೆ ಮೊಟ್ಟೆ ಹಾಕಿದ್ದಿರಾ? ಅವರ ಮನೆಯಲ್ಲಿ ಮೊಟ್ಟೆ ತಿನ್ನುತ್ತಾರಾ ಅಂತ ಕೇಳಿದ್ದಿರಾ? ಕೇಳಿರಲಿಕ್ಕಿಲ್ಲ. ನಾನೂ ಕೇಳಿರಲಿಲ್ಲ.

ನಾನು ಸಿರಸಿಯವಳು. ಶಾಲೆಯಲ್ಲಿ ಅಕ್ಕೋರಾಗಿ ಕಾರವಾರಕ್ಕೆ ಬಂದಾಗ ನನಗೂ ನಿಮ್ಮದೇ ಚಿಂತೆ ಇತ್ತು. ಹಬ್ಬ ಬಂದಾಗೆಲ್ಲ ತಟ್ಟೆ ತುಂಬಿಸಿ ಪಕ್ಕದ ಮನೆಗೆ ಒಯ್ಯುತ್ತಿದ್ದೆ. ಅವರು ಮೀನುಗಾರರು. ಖಾಲಿ ತಟ್ಟೆ ವಾಪಸ್ ಕೊಡಬಾರದು ಅಂತ ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಿದ್ದರು. ಲೆಕ್ಕ ಚುಕ್ತಾ. ಎರಡು ವರ್ಷ ಹೀಗೇ ನಡೆಯಿತು.

ಒಂದು ದಿನ ಬಾಗಿಲಿಗೆ ಬಂದ ಮೀನಿನವಳ ಹತ್ತಿರ ಚಿಪ್ಪಿಕಲ್ಲು ತೆಗೆದುಕೊಂಡೆ. ಘಟ್ಟದ ಮೇಲಿನವಳಿಗೆ ಅದನ್ನು ಬಿಡಿಸುವುದು ಹೇಗೆ ಗೊತ್ತು? ಅರ್ಧ ಗಂಟೆ ಒದ್ದಾಡಿ, ಬೆರಳು ಕೊಯ್ದುಕೊಂಡು, ಪಕ್ಕದ ಮನೆಗೆ ಹೋಗಿ "ಒಂಚೂರು ಹೇಳಿಕೊಡ್ತೀರಾ?" ಅಂದೆ. "ಅಕ್ಕೋರೆ, ಇದೂ ಬರೂದಿಲ್ರಾ?" ಅಂತ ನಕ್ಕು, ಆ ಮನೆಯಾಕೆ ಸೀದಾ ನಮ್ಮ ಅಡುಗೆಮನೆಗೆ ಬಂದು ಈಳಿಗೆ ಎಳೆದುಕೊಂಡು ಕೂತರು. ಒಂದು ಚಿಪ್ಪು ತಮ್ಮ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಮುಗಿಯುವ ಹೊತ್ತಿಗೆ ಅವರ ಅತ್ತೆಯ ಮಂಡಿನೋವು, ಮಗಳಿಗೆ ಗಣಿತ ಹತ್ತದಿರುವುದು, ಎಲ್ಲ ನನಗೆ ಗೊತ್ತಾಗಿತ್ತು. ಮರುದಿನದಿಂದ ಅವರು ಬಂದದ್ದು ಹಿತ್ತಲ ಬಾಗಿಲಿನಿಂದ.

ಅವತ್ತು ರಾತ್ರಿ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತೆಗೆದು ಓದಿದೆ. ಎಷ್ಟೋ ಸಲ ಓದಿದ್ದೆ, ಆದರೆ ಈ ಮಾತು ಕಣ್ಣಿಗೆ ಬಿದ್ದಿರಲಿಲ್ಲ. ನಡುಮಧ್ಯಾಹ್ನ ದಣಿದು ಯಾಕೋಬನ ಬಾವಿಯ ಹತ್ತಿರ ಕೂತ ಯೇಸು, ನೀರಿಗೆ ಬಂದ ಸಮಾರ್ಯದ ಹೆಂಗಸಿಗೆ ಮೊದಲು ಉಪದೇಶ ಮಾಡಲಿಲ್ಲ. ಕುಡಿಯಲು ನೀರು ಕೇಳಿದ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇಲ್ಲದ ಕಾಲ ಅದು. ಕೇಳಿಸಿಕೊಂಡ ಆಕೆಗೇ ಆಶ್ಚರ್ಯ.

ನಿಮ್ಮ ಪಾದ್ರಿಗಳು ಹೇಳಿದ ಕಥೆಯನ್ನೂ ಹೀಗೆ ನೋಡಿ. ನಾವು ಯಾವಾಗಲೂ ಸಹಾಯ ಮಾಡಿದವನ ಜಾಗದಲ್ಲಿ ನಿಂತು ಓದುತ್ತೇವೆ ಅಲ್ವಾ? ದಾರಿಯಲ್ಲಿ ಬಿದ್ದವನ ಜಾಗದಲ್ಲಿ ನಿಂತರೆ? ತನ್ನವರು ದೂರ ಇಟ್ಟ ಜಾತಿಯವನ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು, ಅವನದೇ ಕತ್ತೆಯ ಮೇಲೆ ಕೂತು ಹೋದವನು ಅವನು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು ನಿಮ್ಮ ಕೋಡಿಬಾಗದ ಹತ್ತಿರವೇ. ಲಾರಿ ಸಮೇತ ಹೊಳೆಗೆ ಬಿದ್ದ ತಮಿಳುನಾಡಿನ ಚಾಲಕನನ್ನು ಪೊಲೀಸರ ಜೊತೆ ಸೇರಿ ಮೇಲೆತ್ತಿದವರು ಇಲ್ಲಿಯ ಮೀನುಗಾರರು. ನಾಳೆ ನನ್ನನ್ನು, ನಿಮ್ಮನ್ನು ಎತ್ತುವವರೂ ಅಂಥವರೇ.

ಮತಾಂತರದ ಭಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಇವರನ್ನು ಇಗರ್ಜಿಗೆ ಕರೆತರಬೇಕು ಎಂಬ ಲೆಕ್ಕ ಮನಸ್ಸಿನಲ್ಲಿದ್ದರೆ ಅದು ಮುಖದಲ್ಲಿ ಕಾಣುತ್ತದೆ. ಆ ಲೆಕ್ಕ ಬಿಟ್ಟು ಹೋಗಿ. ಅವರಾಗಿಯೇ ನಿಮ್ಮ ನಂಬಿಕೆ ಬಗ್ಗೆ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳಿ. ಕೇಳದಿದ್ದರೆ ಅವರ ಹೆಸರು ಹಿಡಿದು ಮನೆಯಲ್ಲೇ ಪ್ರಾರ್ಥಿಸಿ. ನಾನು ಆ ಹುಡುಗಿಗೆ ನಾಲ್ಕು ವರ್ಷ ಸಂಜೆ ಗಣಿತ ಹೇಳಿಕೊಟ್ಟೆ. ನಮ್ಮ ಗೋಡೆಯ ಮೇಲೆ ಶಿಲುಬೆ ಇತ್ತು. ಅದರ ಬಗ್ಗೆ ಒಂದು ದಿನವೂ ಪಾಠ ಮಾಡಲಿಲ್ಲ. ಮಳೆಗಾಲದಲ್ಲಿ ಬೋಟ್ ಕಡಲಿಗೆ ಇಳಿಯುವುದಿಲ್ಲ. ಈಗಂತೂ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧವೇ ಇದೆ. ಆ ದಿನಗಳಲ್ಲಿ ಅಂಥ ಮನೆಗಳಲ್ಲಿ ದುಡ್ಡಿಗೆ ಎಷ್ಟು ಬಿಗಿ ಇರುತ್ತದೆ ಅಂತ ಹಿತ್ತಲಿನಿಂದ ಹೋಗಿ ಬರುವವರಿಗೆ ಮಾತ್ರ ಗೊತ್ತಾಗುತ್ತದೆ.

ಚೌತಿಗೆ ಕರೆದರೆ ಖಂಡಿತ ಹೋಗಿ. ನಾನು ಹೋಗಿದ್ದೇನೆ, ಎಲೆ ಹಾಕಿಸಿಕೊಂಡು ಊಟ ಮಾಡಿದ್ದೇನೆ. ಆರತಿ ಹೊತ್ತಿಗೆ ಹಿಂದೆ ಸುಮ್ಮನೆ ಕೈಕಟ್ಟಿ ನಿಂತಿದ್ದೇನೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಪ್ರಸಾದದ ವಿಷಯದಲ್ಲಿ ನಮ್ಮವರಲ್ಲೇ ಒಬ್ಬೊಬ್ಬರದು ಒಂದೊಂದು ಮಾತು. ನಿಮ್ಮ ಮನಸ್ಸನ್ನು ಕೇಳಿ, ಬೇಕಾದರೆ ಪಾದ್ರಿಗಳ ಹತ್ತಿರ ಮಾತಾಡಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಚೌತಿಗೆ ಅವರ ಮನೆಯಲ್ಲಿ ನೇವ್ರಿ (ಹೂರಣದ ಕರಿಗಡುಬು) ಕರಿಯುತ್ತಾರೆ, ಕ್ರಿಸ್ಮಸ್‌ಗೆ ನಮ್ಮ ಮನೆಯಲ್ಲೂ ಕರಿಯುತ್ತೇವೆ. "ನಿಮ್ಮ ಕಡೆ ಹೂರಣ ಹೇಗೆ ಮಾಡ್ತೀರಿ, ನನಗೂ ತೋರಿಸಿ" ಅಂತ ಕೇಳಿ. ಬರಿಗೈಯಲ್ಲೇ ಹೋಗಿ.

ನಮ್ಮ ಆ ನೆರೆಯವರು ಈಗ ಸದಾಶಿವಗಡದ ಕಡೆ ಮಗನ ಜೊತೆ ಇದ್ದಾರೆ. ಕಳೆದ ಚೌತಿಗೂ ಒಂದು ಸ್ಟೀಲ್ ಡಬ್ಬಿ ತುಂಬ ನೇವ್ರಿ ಕಳಿಸಿದ್ದರು. ಡಬ್ಬಿಯನ್ನು ಡಿಸೆಂಬರ್ ತನಕ ನಾನೇ ಇಟ್ಟುಕೊಂಡಿದ್ದೆ.