ಅಳಿಯನ ಗೋಡೆಯ ಮೇಲೆ ಹನ್ನೊಂದು ಗಿಟಾರು

ಮಂಡ್ಯದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಯಾಕೆ ಅಂತ ಓದಿದರೆ ನಿಮಗೇ ತಿಳಿಯುತ್ತದೆ. ಮುಖ್ಯ ಭಾಗ ಇದು:

"ನಾನು 33 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ನನ್ನ ಅಳಿಯ ಮೈಸೂರಿನಲ್ಲಿ ಇಂಜಿನಿಯರ್. ಒಳ್ಳೆಯ ಹುಡುಗ. ಕುಡಿತ ಇಲ್ಲ, ಇಸ್ಪೀಟಿಲ್ಲ. ಆದರೆ ಹಾಲಿನ ಗೋಡೆ ತುಂಬ ಹನ್ನೊಂದು ಎಲೆಕ್ಟ್ರಿಕ್ ಗಿಟಾರ್ ನೇತು ಹಾಕಿದ್ದಾನೆ. ಒಂದೂ ಅಂಗಡಿಯಿಂದ ಬಂದ ಹಾಗೆ ಇಲ್ಲ. ಬಣ್ಣ ಕೆರೆದು ಬೇರೆ ಬಣ್ಣ, ಒಳಗಿನದು ಕಿತ್ತು ಬೇರೆಯದು. ಒಂದಕ್ಕೆ ಬೆನ್ನಲ್ಲಿ ಬ್ಯಾಟರಿ ಇಡಲು ಗುಂಡಿ ತೋಡಿದ್ದಾನೆ. ಮನೆಗೆ ಯಾರೇ ಬರಲಿ, ಕಾಫಿಗೆ ಮೊದಲು ಇವುಗಳ ದರ್ಶನ. ಆಯುಧಪೂಜೆಯ ದಿನ ಹನ್ನೊಂದಕ್ಕೂ ಕುಂಕುಮ, ಸೇವಂತಿಗೆ. ಇಷ್ಟಾಗಿ ನುಡಿಸಲು ಬರುವುದು ಮೂರೋ ನಾಲ್ಕೋ ಹಾಡು! ಒಂದು ಸಾಲದೇ? ಇದ್ದದ್ದನ್ನು ಕೊರೆದು ಕೆಡಿಸಿ ಊರಿಗೆಲ್ಲ ತೋರಿಸುವುದು ಯಾವ ಸಂಸ್ಕಾರ? ನಮ್ಮ ವೀಣೆಗೆ ಯಾರಾದರೂ ಹೀಗೆ ಮಾಡುತ್ತಾರೆಯೇ?"

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ನಾಲ್ಕು ಪುಟದಲ್ಲಿ ಒಂದೂ ಚಿತ್ತಿಲ್ಲ. ನಮ್ಮ ಕಚೇರಿಯ ಹುಡುಗರನ್ನೆಲ್ಲ ಕರೆದು ತೋರಿಸಿದೆ. ಹೌದು, ತೋರಿಸಿದೆ. ಚೆನ್ನಾಗಿರುವುದು ಕೈಗೆ ಬಂದರೆ ನಾಲ್ಕು ಜನಕ್ಕೆ ತೋರಿಸೋಣ ಅನ್ನಿಸುತ್ತದೆ, ಅಲ್ವಾ?

ನಿಮ್ಮ ಪರವಾಗಿ ಹೇಳಬೇಕಾದ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಸಾಲ ಮಾಡಿ ತಂದಿದ್ದರೆ ತಪ್ಪು. ನಿಮ್ಮ ಮಗಳ ಬಳೆ ಅಡವಿಟ್ಟಿದ್ದರೆ ದೊಡ್ಡ ತಪ್ಪು. ಕಾಫಿಗೆ ಮೊದಲು ತೋರಿಸುವುದೂ ತಪ್ಪೇ. ಮಂಡ್ಯದಿಂದ ಬಸ್ಸಿನಲ್ಲಿ ಬಂದವರಿಗೆ ಮೊದಲು ಲೋಟ ಕೈಗೆ ಬರಬೇಕು. ಅಷ್ಟು ಬಿಟ್ಟರೆ ಮಿಕ್ಕ ವಿಷಯದಲ್ಲಿ ನಾನು ಅಳಿಯನ ಕಡೆ.

ನೀವು ಹೇಮಗಿರಿಯ ದನದ ಜಾತ್ರೆ ನೋಡಿಯೇ ಇರುತ್ತೀರಿ. ಹಳ್ಳಿಕಾರ್ ಜೋಡಿ ಸಾಕಿದವನು ಅಲ್ಲಿ ಏನು ಮಾಡುತ್ತಾನೆ? ಕೊಂಬು ಹೆರೆಸಿ ಎಣ್ಣೆ ಹಚ್ಚುತ್ತಾನೆ. ತುದಿಗೆ ಹಿತ್ತಾಳೆ ಅಣಸು, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು. ಮುಂದೆ ತಮಟೆ. ಅವನು ನಡೆಯುವ ಠೀವಿ ನೋಡಬೇಕು, ಎತ್ತಿಗಿಂತ ಒಂದು ಕೈ ಜಾಸ್ತಿ. "ಉಳೋದಕ್ಕೆ ಸುಮಾರಾದ ಒಂದು ಜೊತೆ ಸಾಲದಾ?" ಅಂತ ಅಲ್ಲಿ ಹೋಗಿ ಕೇಳಿ. ಹುಷಾರಾಗಿ ಮನೆಗೆ ಬನ್ನಿ. ನಮ್ಮ ಮೈಸೂರಲ್ಲೂ ಅಷ್ಟೆ. ನವರಾತ್ರಿಯಲ್ಲಿ ಬೊಂಬೆ ಕೂರಿಸಿ, ಬೀದಿಯವರನ್ನೆಲ್ಲ ಕರೆದು ತೋರಿಸಿ, ಕೈಗೆ ಚರುಪು ಕೊಟ್ಟು ಕಳಿಸುತ್ತೇವೆ. ಶ್ರೀರಂಗಪಟ್ಟಣದ ಹತ್ತಿರ ಹಳೆಯ ಕಾರುಗಳ 'ಪಯಣ' ಮ್ಯೂಸಿಯಂ ಇದೆ. ಟಿಕೆಟ್ ಕೊಂಡು ಹೋಗಿ ನೋಡುತ್ತೇವೆ. ನಿಮ್ಮ ಅಳಿಯ ಪುಕ್ಕಟೆ ತೋರಿಸುತ್ತಾನೆ, ಅದಕ್ಕೇ ಬೆಲೆಯಿಲ್ಲವೇನೋ.

ಈಗ ಸ್ವಲ್ಪ ಜಗಳ ಆಡುತ್ತೇನೆ. ಆಯಸ್ಕಾಂತ, ತಂತಿಸುರುಳಿ, ಗ್ಯಾಲ್ವನೋಮೀಟರು ಹಿಡಿದುಕೊಂಡು 33 ವರ್ಷ ಕ್ಲಾಸಿಗೆ ಹೋದವರು ನೀವು. "ಫ್ಯಾರಡೆ, 1831" ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿರುತ್ತೀರೋ. ಆಯಸ್ಕಾಂತದಿಂದ ಕರೆಂಟು ಹುಟ್ಟಿಸಿ ತೋರಿಸಿದ ಆ ಫ್ಯಾರಡೆ ಈಗ ನಿಮ್ಮ ಅಳಿಯನ ಗೋಡೆಯ ಮೇಲಿದ್ದಾನೆ. ನೀವು ಕತ್ತೆತ್ತಿ ಮಾತಾಡಿಸಲಿಲ್ಲ! ಗಿಟಾರಿನ ತಂತಿಗಳ ಕೆಳಗೆ ಉದ್ದನೆಯ ತುಣುಕೊಂದಿದೆಯಲ್ಲ, ಅದೇ ಪಿಕಪ್. ಒಳಗೆ ಆಯಸ್ಕಾಂತ. ಸುತ್ತ ಕೂದಲಿನಷ್ಟು ತೆಳು ತಾಮ್ರದ ತಂತಿ, ಸುಮಾರು 8000 ಸುತ್ತು. ಮೇಲಿನ ಉಕ್ಕಿನ ತಂತಿ ಅದುರಿದರೆ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಚೂರು ಕರೆಂಟು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ದೊಡ್ಡದು ಮಾಡುತ್ತದೆ. ಸುತ್ತು ಜಾಸ್ತಿ ಮಾಡಿದರೆ ದನಿ ದಪ್ಪ, ಕಮ್ಮಿ ಮಾಡಿದರೆ ಚುರುಕು. "ಒಳಗಿನದು ಕಿತ್ತು ಬೇರೆಯದು" ಅಂತ ನೀವು ಸಿಟ್ಟಲ್ಲಿ ಬರೆದದ್ದು ಇದನ್ನೇ.

ಒಂದೇ ಸುರುಳಿಯ ಪಿಕಪ್‌ಗೆ ಒಂದು ಕಾಯಿಲೆ. ಮನೆಯ ಕರೆಂಟಿನ ಗುಂಯ್ ಸದ್ದನ್ನೂ ಹಿಡಿದುಬಿಡುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬಾತ ಎರಡು ಸುರುಳಿಯನ್ನು, ಅವುಗಳ ಆಯಸ್ಕಾಂತದ ಧ್ರುವಗಳನ್ನೂ, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ. ಗುಂಯ್ ಗುಂಯ್ ತಮ್ಮಲ್ಲೇ ಕಳೆದುಕೊಂಡವು, ತಂತಿಯ ನಾದ ಮಾತ್ರ ಉಳಿಯಿತು. ಎಷ್ಟು ಚೆಂದದ ಲೆಕ್ಕ ನೋಡಿ. ಒಂಬತ್ತನೇ ಕ್ಲಾಸಿನವರಿಗೆ ಹೇಳಬಹುದು. ಅಂದಹಾಗೆ ವಾದ್ಯಕ್ಕೆ ಕರೆಂಟು ಯಾಕೆ ಅಂತಲೂ ಒಂದು ಕಡೆ ಗೊಣಗಿದ್ದೀರಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಸೀಮೆಯವರು ಹೀಗೆಲ್ಲ ಹೇಳಬಾರದು.

"ನುಡಿಸಲು ಬರುವುದು ಮೂರೋ ನಾಲ್ಕೋ ಹಾಡು." ಈ ವಾಕ್ಯದ ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಟೆಲಿಕಾಸ್ಟರ್, ಸ್ಟ್ರಾಟೋಕಾಸ್ಟರ್ ಎಂಬ ಜಗತ್ಪ್ರಸಿದ್ಧ ಗಿಟಾರುಗಳನ್ನು ಕೊಟ್ಟ ಲಿಯೋ ಫೆಂಡರ್ ಇದ್ದನಲ್ಲ, ಅವನಿಗೆ ಗಿಟಾರ್ ನುಡಿಸಲು ಬರುತ್ತಲೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ರಿಪೇರಿಯವನಾದ್ದರಿಂದಲೇ ಗಿಟಾರಿನ ಕುತ್ತಿಗೆಯನ್ನು ಅಂಟು ಹಾಕಿ ಕೂರಿಸಲಿಲ್ಲ, ನಾಲ್ಕು ಸ್ಕ್ರೂ ಹಾಕಿದ. ಬಿಚ್ಚಿದರೆ ಕೈಗೆ ಬರಬೇಕು, ಕೆಟ್ಟರೆ ಬದಲಿಸಬೇಕು. ಅಂದರೆ ಇದು ಹುಟ್ಟಿನಿಂದಲೇ ಬಿಚ್ಚುವ ವಾದ್ಯ. ನಿಮ್ಮ ಅಳಿಯ ಏನೂ ಕೆಡಿಸಿಲ್ಲ ಮೇಷ್ಟ್ರೇ, ಮಾಡಿದವನ ಮಾತು ಕೇಳಿದ್ದಾನೆ ಅಷ್ಟೆ.

ವೀಣೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನೀವು ಚೆನ್ನಾಗಿ ಸಿಕ್ಕಿಹಾಕಿಕೊಂಡಿರಿ. ಒಂದು ಕಾಲದಲ್ಲಿ ವೀಣೆಯ ಮೆಟ್ಟಿಲುಗಳನ್ನು, ಅಂದರೆ ತಂತಿಯನ್ನು ಒತ್ತಿ ಸ್ವರ ಹಿಡಿಯುವ ಅಡ್ಡಪಟ್ಟಿಗಳನ್ನು, ರಾಗಕ್ಕೆ ತಕ್ಕ ಹಾಗೆ ಸರಿಸಿಕೊಳ್ಳುತ್ತಿದ್ದರು. 17ನೇ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ, 24 ಮೆಟ್ಟಿಲು ಕಾಯಂ ಆಗಿ ಕೂತವು. ಅದನ್ನು ಕೂರಿಸಿದ್ದು ಮೇಣದಲ್ಲಿ. ಇವತ್ತಿಗೂ ಮೇಣ ಸಡಿಲವಾದರೆ ಬಿಚ್ಚಿ ಮತ್ತೆ ಕಟ್ಟಿಸಬೇಕು. ನಾವು ಪೂಜೆ ಮಾಡುವ ಸರಸ್ವತಿ ವೀಣೆಯೂ ಯಾರೋ ಕೈಹಾಕಿ ತಿದ್ದಿದ್ದೇ.

ಇನ್ನೂ ಹತ್ತಿರ ಬನ್ನಿ. ತಿರುಮಕೂಡಲು ನರಸೀಪುರ ನಿಮ್ಮ ಮಂಡ್ಯಕ್ಕೆ ಏನು ಮಹಾ ದೂರ? ಅಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿ ಸಾಲದು ಅಂತ ಇನ್ನೂ ಮೂರು ಸೇರಿಸಿದರು. ಮೈಕಿಲ್ಲದ ಕಾಲ. ಹಿಂದಿನ ಸಾಲಿನವನಿಗೂ ಕೇಳಬೇಕಿತ್ತು. 1927ರ ಸುಮಾರಿಗೇ ಆ ಏಳು ತಂತಿಯ ಪಿಟೀಲು ಕಛೇರಿಗೆ ಬಂತು. ಸ್ಟೀವ್ ವೈ ಎಂಬ ಅಮೆರಿಕದವನ ಏಳು ತಂತಿಯ ಎಲೆಕ್ಟ್ರಿಕ್ ಗಿಟಾರ್ ಅಂಗಡಿಗೆ ಬಂದದ್ದು 1990ರಲ್ಲಿ. ನಮ್ಮವರು ಅರವತ್ತು ವರ್ಷ ಮುಂದಿದ್ದರು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ನಮ್ಮ ಗಮಕ ಹೊರಡಲಿ ಅಂತ ಆ ವಾದ್ಯವನ್ನೇ ತಿದ್ದಿಕೊಂಡರು. ಮ್ಯಾಂಡೋಲಿನ್ ಶ್ರೀನಿವಾಸ್ ಜೋಡಿ ತಂತಿಗಳನ್ನು ತೆಗೆದು ಐದು ಒಂಟಿ ತಂತಿ ಹಾಕಿಕೊಂಡರು. ಇವರನ್ನೆಲ್ಲ ಸಭೆ ಕರೆದು ಶಾಲು ಹೊದಿಸಿದೆವು. ಅಳಿಯ ಮಾಡಿದರೆ ಮಾತ್ರ ಸಂಸ್ಕಾರ ನೆನಪಾಗುತ್ತದೆ.

ಅವರು ವಿದ್ವಾಂಸರು, ಇವನು ಮೂರು ಹಾಡಿನವನು ಅಂತೀರಿ. ಇರಲಿ. ಕಲಿಯುವವರು ಎಲ್ಲಿಂದಲೋ ಶುರು ಮಾಡಬೇಕಲ್ಲ. ಮುಂದೆ ದೊಡ್ಡ ರಾಕ್ ಗಿಟಾರ್‌ವಾದಕನಾದ ಎಡ್ಡೀ ವಾನ್ ಹೇಲನ್ ಎಂಬ ಹುಡುಗ ಕಾರ್ಖಾನೆಯಲ್ಲಿ ತಿರಸ್ಕರಿಸಿದ ಗಿಟಾರಿನ ಮೈಯನ್ನು 50 ಡಾಲರಿಗೆ, ಕುತ್ತಿಗೆಯನ್ನು 80 ಡಾಲರಿಗೆ ತಂದ. ಬೇರೆ ಗಿಟಾರಿನ ಪಿಕಪ್ ಕಿತ್ತು ಇದಕ್ಕೆ ಹಾಕಿದ. ಪಿಕಪ್ ಕೀರಲು ಕೂಗುತ್ತಿತ್ತು. ಒಳಗಿನ ಸುತ್ತುಗಳು ಸಡಿಲವಿದ್ದರೆ ಹಾಗಾಗುತ್ತದೆ. ಕಾಯಿಸಿದ ಮೇಣದಲ್ಲಿ ಅದ್ದಿ ತೆಗೆದ, ಸುಮ್ಮನಾಯಿತು. ಅಲ್ಲೂ ಮೇಣವೇ! ಮೇಲೆ ಸೈಕಲ್ಲಿಗೆ ಹೊಡೆಯುವ ಬಣ್ಣ. ಆ ಗಿಟಾರು 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಗಾಜಿನೊಳಗೆ ಕೂತಿತ್ತು.

ನನ್ನ ಕಥೆ ಇಷ್ಟು ದೊಡ್ಡದಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಇಲ್ಲದ ಹೊತ್ತು ನೋಡಿ ರೇಡಿಯೋ ಬಿಚ್ಚಿದೆ. ಒಳಗಿನ ಧೂಳು ಒರೆಸಿ ಮತ್ತೆ ಜೋಡಿಸಿದೆ. ರೇಡಿಯೋ ಮುಂಚೆಗಿಂತ ಚೆನ್ನಾಗಿ ಹಾಡಿತು. ಆದರೆ ಮೂರು ಸ್ಕ್ರೂ ಮಿಕ್ಕಿದ್ದವು. ಏಟು ಬಿದ್ದದ್ದು ಆ ಮೂರಕ್ಕೆ. ಈಗ ನನ್ನ ಹತ್ತಿರ ಹದಿನಾಲ್ಕು ಇಂಕ್ ಪೆನ್ನಿವೆ. ಒಂದೊಂದರ ನಿಬ್ಬನ್ನೂ ನಾನೇ ಕಲ್ಲಿಗೆ ಉಜ್ಜಿ ತಿದ್ದಿದ್ದೇನೆ, ಎರಡನ್ನು ಹಾಳೂ ಮಾಡಿದ್ದೇನೆ. ಕಚೇರಿಗೆ ಬಂದವರಿಗೆಲ್ಲ ತೋರಿಸುತ್ತೇನೆ. ಕಾಫಿ ಆದಮೇಲೆ.

ತೋರಿಸುವುದರಲ್ಲೂ ಎರಡು ಥರ ಇದೆ. ಗೃಹಪ್ರವೇಶಕ್ಕೆ ಹೋದರೆ ಇಟಾಲಿಯನ್ ಮಾರ್ಬಲ್ ತೋರಿಸುತ್ತಾರೆ, ಚದರಡಿ ರೇಟು ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಇನ್ನು ಹಳೆಯ ಮನೆಗಳ ಶೋಕೇಸು. ಮದುವೆಯಲ್ಲಿ ಬಂದ ಟೀ ಸೆಟ್ಟು, ಮೊಮ್ಮಕ್ಕಳ ಮದುವೆಗೂ ಒಂದು ತೊಟ್ಟು ಟೀ ಕಂಡಿರುವುದಿಲ್ಲ. ಕೈಯಿಂದ ಮಾಡಿದವನು ತೋರಿಸುವ ರೀತಿಯೇ ಬೇರೆ. ಇಲ್ಲಿ ನನಗೊಬ್ಬ ಪರಿಚಯದ ಹುಡುಗ ಇದ್ದಾನೆ. ಗಿಟಾರಿನ ಕಪ್ಪು ಪ್ಲಾಸ್ಟಿಕ್ ತಗಡು ತೆಗೆದು, ಬೀಟೆಯ ತೆಳು ಹಲಗೆ ಹಾಕಿ, ಮಂಡಿ ಮೊಹಲ್ಲಾದಲ್ಲಿ ಮರದೊಳಗೆ ಚಿತ್ರ ಕೂರಿಸುವ ಇನ್‌ಲೇ ಕೆಲಸದ ಸಾಹೇಬರೊಬ್ಬರ ಹತ್ತಿರ ಆನೆ ಕೂರಿಸಿಕೊಂಡು ಬಂದ. ಅರಮನೆಯ ಬಾಗಿಲಲ್ಲಿ ಇದೆಯಲ್ಲ, ಆ ಕೆಲಸ. ತೋರಿಸುವಾಗ ಮೊದಲು ಹೇಳಿದ್ದು ಬೆಲೆಯಲ್ಲ, "ಸಾರ್, ಸೊಂಡಿಲ ಹತ್ರ ನಾನು ಸ್ಕ್ರೂ ಬಿಗಿ ಮಾಡಿ ಸೀಳಿಬಿಟ್ಟೆ, ಸಾಹೇಬರು ಬೈದು ಸರಿ ಮಾಡಿಕೊಟ್ರು" ಅಂತ.

ಇಂಥ ಹುಡುಗರು ಕಮ್ಮಿಯಾಗುತ್ತಿದ್ದಾರೆ ಅನ್ನುವುದೇ ನನ್ನ ಹೊಟ್ಟೆಯುರಿ. ಹೋದ ತಿಂಗಳು ನಮ್ಮ ಮನೆಯ ಮಿಕ್ಸಿ ನಿಂತಿತು. ಸರ್ವಿಸ್ ಸೆಂಟರಿನವರು ಮುಚ್ಚಳ ಕೂಡ ತೆಗೆಯಲಿಲ್ಲ. "ಹೊಸದು ತಗೊಳ್ಳಿ ಸಾರ್, ಎಕ್ಸ್‌ಚೇಂಜ್ ಇದೆ" ಅಂದರು. ಸಂತೆಪೇಟೆಯ ಮೂಲೆಯಲ್ಲಿ ಒಬ್ಬ ಯಜಮಾನರು ಹತ್ತು ನಿಮಿಷದಲ್ಲಿ ಕಾರ್ಬನ್ ಬ್ರಷ್ ಬದಲಿಸಿ 80 ರೂಪಾಯಿ ತಗೊಂಡರು. ಅವರ ಮಗ ಆ ಅಂಗಡಿಯಲ್ಲಿ ಕೂರುವುದಿಲ್ಲವಂತೆ. ಮೊಬೈಲಿನ ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸಿರುತ್ತಾರೆ. ಬಿಚ್ಚಿದರೆ ಗ್ಯಾರಂಟಿ ಇಲ್ಲ ಅಂತ ಸ್ಟಿಕ್ಕರು. ದುಡ್ಡು ಕೊಟ್ಟು ತಂದ ಸಾಮಾನಿನ ಹೊಟ್ಟೆಯಲ್ಲಿ ಏನಿದೆ ಅಂತ ನೋಡಲು ನಾನು ಯಾರ ಅಪ್ಪಣೆ ಕೇಳಬೇಕು?

ಶಾಲೆಯದೂ ಇದೇ ಹಾಡು. ನೀವೇ ಹೇಳಿ, ನಿಮ್ಮ ಲ್ಯಾಬಿನ ಗಾಜಿನ ಬೀರುವಿಗೆ ಬೀಗ ಇತ್ತೋ ಇಲ್ಲವೋ? ನಮ್ಮ ಶಾಲೆಯಲ್ಲಿ ಇತ್ತು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ತೆಗೆಯುತ್ತಿದ್ದರು. ಒಳಗಿದ್ದ ವಿದ್ಯುದ್ಘಂಟೆಯನ್ನು ಮೂರು ವರ್ಷ ಗಾಜಿನಾಚೆಯಿಂದ ನೋಡಿದೆ, ಒಂದು ಸಲವೂ ಬಾರಿಸಲಿಲ್ಲ. ಇದೇ ಮೈಸೂರಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಕೇಂದ್ರ ನಡೆಸಿದರು. ಅದರ ಹೆಸರು 'ಆಕಾಶವಾಣಿ'. ಆಮೇಲೆ ದೇಶದ ರೇಡಿಯೋಗೇ ಆ ಹೆಸರಾಯಿತು. ಮನೆಯೊಳಗೆ ರೇಡಿಯೋ ಕೇಂದ್ರ ಇದ್ದ ಊರಿದು. ಹನ್ನೊಂದು ಗಿಟಾರು ಯಾವ ಲೆಕ್ಕ?

ಇನ್ನು ನಿಮ್ಮ ಕಾಗದದ ಕೊನೆಯ ಎರಡು ಸಾಲು. ಅದನ್ನು ಮೇಲೆ ಅಚ್ಚು ಹಾಕಲಿಲ್ಲ. ಪಾಂಡವಪುರದ ಹಳೆಯ ಮನೆ ಕೆಡವುವಾಗ ಉಳಿದ ನಿಮ್ಮ ತಾಯಿಯವರ ಬೀಟೆ ಮಂಚ ಅಟ್ಟದ ಮೇಲಿದೆ, ಅಳಿಯ ಅದರ ಒಂದು ಹಲಗೆ ಕೇಳಿದ, ನೀವು ಮಾತಾಡದೆ ಎದ್ದು ಬಂದಿರಿ. ಸಿಟ್ಟಿನ ಬೇರು ಅಲ್ಲಿದೆ ಅಂತ ನನ್ನ ಊಹೆ. ಅಮ್ಮ ಮಲಗುತ್ತಿದ್ದ ಮಂಚಕ್ಕೆ ಗರಗಸ ಅಂದರೆ ಯಾರಿಗೂ ಕಷ್ಟವೇ.

ಒಂದು ಸಂಗತಿ ಮಾತ್ರ ಹೇಳುತ್ತೇನೆ. ಲಂಡನ್ನಿನಲ್ಲಿ 1963ರಲ್ಲಿ ಒಬ್ಬ ಹುಡುಗನಿಗೆ ಗಿಟಾರ್ ಕೊಳ್ಳಲು ದುಡ್ಡಿರಲಿಲ್ಲ. ಅಪ್ಪನ ಜೊತೆ ಕೂತು ತಾನೇ ಮಾಡಲು ಹೊರಟ. ಕುತ್ತಿಗೆಗೆ ನೂರು ವರ್ಷ ದಾಟಿದ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಸ್ಪ್ರಿಂಗು ಹಳೆಯ ಮೋಟಾರ್ ಸೈಕಲ್ಲಿನದು. ಮೆಟ್ಟಿಲುಗಳ ನಡುವೆ ಗುರುತಿಗೆ ಹಾಕಿದ ಬಿಳಿ ಚುಕ್ಕಿಗಳು ಅವನ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಆ ಹುಡುಗ ಬ್ರಯಾನ್ ಮೇ. ಕ್ವೀನ್ ಎಂಬ ರಾಕ್ ತಂಡದ ಗಿಟಾರ್‌ವಾದಕನಾಗಿ ಲೋಕವೆಲ್ಲ ಸುತ್ತಿದ. ನಡುವೆ ಬಿಟ್ಟಿದ್ದ ಖಗೋಳ ವಿಜ್ಞಾನದ ಡಾಕ್ಟರೇಟನ್ನು 2007ರಲ್ಲಿ ಮುಗಿಸಿದ. ಇವತ್ತೂ ಅವನ ಕೈಯಲ್ಲಿರುವುದು ಅದೇ ಗಿಟಾರು, ಅಮ್ಮನ ಗುಂಡಿಗಳ ಸಮೇತ.

ಬೀಟೆ ಅಂದರೆ ಗಿಟಾರಿನವರಿಗೆ ಜೀವ. ನಮ್ಮ ಪಶ್ಚಿಮಘಟ್ಟದ ಈ ಮರ ದೇಶಾಂತರದ ಗಿಟಾರುಗಳ ಮೇಲೆ ಬೆರಳು ಓಡುವ ಹಲಗೆಯಾಗಿ ಕೂತಿದೆ. ಅದಕ್ಕೆ ಬೇಕಾದ್ದು ಒಂದೂವರೆ ಅಡಿ ಉದ್ದ, ಮೂರು ಬೆರಳಗಲ, ಕಾಲು ಇಂಚು ದಪ್ಪ. ತಲೆಯ ಕಡೆಯ ಒಂದು ಅಡ್ಡಪಟ್ಟಿ ಸಾಕು, ಮಂಚ ಮಂಚವಾಗಿಯೇ ಉಳಿಯುತ್ತದೆ. ಪೂರ್ತಿ ಮೈಯನ್ನೇ ಬೀಟೆಯಲ್ಲಿ ಮಾಡುತ್ತೇನೆ ಅಂದರೆ ಒಪ್ಪಬೇಡಿ. 1968ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ಗೆ ಹಾಗೆ ಒಂದು ಮಾಡಿಕೊಟ್ಟಿದ್ದರು. ಭಾರ ವಿಪರೀತ, ನಿಮ್ಮ ಅಳಿಯನ ಭುಜ ಬಿದ್ದುಹೋಗುತ್ತದೆ.

ಹಲಗೆ ಇಳಿಸುವ ದಿನ ಒಂದು ಫೋನ್ ಮಾಡಿ, ನಾನೂ ಬರುತ್ತೇನೆ. ಮೈಸೂರಿಗೆ ಒಟ್ಟಿಗೆ ಹೋಗೋಣ. ಹದಿನಾಲ್ಕು ಪೆನ್ನು ಜೇಬಿನಲ್ಲಿ ಇರುತ್ತವೆ. ಕಾಫಿ ಮೊದಲು ಅಂತ ನಿಮ್ಮ ಮಗಳಿಗೆ ಹೇಳಿಡಿ.

— ಸಂ.