ಅಕ್ಕನ ಬಾಣಂತನಕ್ಕೆ ಹೊರಟವರ ಹದಿನಾರು ಗಂಟೆ

(ಬದಿಯಡ್ಕದ ಓದುಗರೊಬ್ಬರ ಪತ್ರದ ಸಾರ: ನ್ಯೂಜೆರ್ಸಿಯಲ್ಲಿರುವ ಅಕ್ಕನ ಬಾಣಂತನಕ್ಕೆಂದು ಅಪ್ಪ ಅಮ್ಮ ಜುಲೈ ಕೊನೆಗೆ ಹೊರಡುವವರಿದ್ದಾರೆ. ಅಪ್ಪನಿಗೆ 71, ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ಅಮ್ಮನಿಗೆ 65, ಮೊಣಗಂಟು ನೋವು. ಇಬ್ಬರೂ ಸಸ್ಯಾಹಾರಿಗಳು. ಕನ್ನಡ, ತುಳು, ಮಲಯಾಳ ಚೆನ್ನಾಗಿ ಬರುತ್ತದೆ. ಹಿಂದಿ, ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮ ದೇಶದ ವಿಮಾನದಲ್ಲಿ ಹೋಗಿಬಂದ ನೆರೆಕರೆಯವರು ‘ಟೀವಿ ಓಡಲಿಲ್ಲ, ಸೀಟು ಬಾಗಲಿಲ್ಲ, ಊಟಕ್ಕೆ ಕೋಳಿ ಬಂತು’ ಎಂದು ಹೆದರಿಸಿದ್ದಾರೆ. ಆದರೂ ಅದರಲ್ಲೇ ಹೋಗುವುದೋ, ಗಲ್ಫ್ ದಾರಿ ಹಿಡಿಯುವುದೋ?)

ಮಾನ್ಯರೇ,

ಮೊದಲು ಕೋಳಿಯ ವಿಷಯ ಹೇಳುತ್ತೇನೆ. ಆ ತಪ್ಪು ವಿಮಾನದಲ್ಲಿ ಆದದ್ದಲ್ಲ, ಟಿಕೆಟ್ ಮಾಡಿದ ದಿನವೇ ಆಗಿರಬೇಕು. ಊಟದ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಎಂದು ಒಂದಿರುತ್ತದೆ, ಸಂಕೇತ ಎಚ್‌ಎನ್‌ಎಂಎಲ್. ಹೆಸರು ನೋಡಿ ನಮ್ಮವರು ಅದನ್ನೇ ಒತ್ತಿಬಿಡುತ್ತಾರೆ. ಅದು ದನ, ಹಂದಿ ಇಲ್ಲದ ಮಾಂಸದೂಟ. ಕೋಳಿ, ಕುರಿ, ಮೀನು ಯಾವುದೂ ಬರಬಹುದು. ನಿಮಗೆ ಬೇಕಾದದ್ದು ಎವಿಎಂಎಲ್, ನಮ್ಮ ಕಡೆಯ ರುಚಿಯ ಸಸ್ಯಾಹಾರ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಬೇಡದವರಿಗೆ ವಿಜೆಎಂಎಲ್. ಅಪ್ಪನಿಗೆ ಸಕ್ಕರೆ ಕಾಯಿಲೆಯೆಂದು ಡಿಬಿಎಂಎಲ್ ಹಾಕಬೇಡಿ. ಅದು ಸಸ್ಯಾಹಾರವೇ ಆಗಿರಬೇಕೆಂದಿಲ್ಲ, ಒಬ್ಬರಿಗೆ ಎರಡು ಸಂಕೇತ ಹಾಕಲೂ ಬರುವುದಿಲ್ಲ. ಎವಿಎಂಎಲ್ ಹಾಕಿಸಿ, ಸಿಹಿಯನ್ನು ಅವರು ಮುಟ್ಟದಿದ್ದರೆ ಆಯಿತು. ಹೊರಡುವ 24 ಗಂಟೆ ಮೊದಲೇ ಇದು ದಾಖಲಾಗಿರಬೇಕು. ಈ ಊಟ ಸೀಟು ನಂಬರಿನ ಮೇಲೆ ಬರುತ್ತದೆ. ಯಾರೋ ಕೇಳಿದರೆಂದು ಸೀಟು ಬಿಟ್ಟುಕೊಟ್ಟರೆ ಊಟ ಹಳೆಯ ಸೀಟಿಗೇ ಹೋಗುತ್ತದೆ. ಹಾಗೆ ಬದಲಾದರೆ ಸಿಬ್ಬಂದಿಗೆ ತಿಳಿಸಬೇಕು.

ಟೀವಿ, ಸೀಟಿನ ದೂರು ನಿಜವಾದದ್ದು, ಅದಕ್ಕೆ ಕಾರಣವೂ ಇದೆ. 1953ರಲ್ಲಿ ಸರಕಾರದ ಕೈಸೇರಿದ ಏರ್ ಇಂಡಿಯಾ 2022ರ ಜನವರಿ 27ರಂದು ಟಾಟಾ ಸಮೂಹಕ್ಕೆ ಮರಳುವಾಗ ಅದರ ದೊಡ್ಡ ವಿಮಾನಗಳ ಒಳಾಂಗಣ ಹಳತಾಗಿತ್ತು. 27 ಬೋಯಿಂಗ್ 787-8 ಮತ್ತು 13 ಬೋಯಿಂಗ್ 777 ವಿಮಾನಗಳ ಒಳಾಂಗಣ ಬದಲಿಸಲು 40 ಕೋಟಿ ಡಾಲರಿನ ಯೋಜನೆ ಪ್ರಕಟವಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಹೊಸ ಸೀಟುಗಳು ಕಾರ್ಖಾನೆಯಿಂದ ಬರುವುದು ತಡವಾಗಿ ಕೆಲಸ ಹಿಂದೆ ಬಿತ್ತು. ಟೀವಿ ಕೆಟ್ಟರೆ ವಿಮಾನ ಹಾರಬಾರದೆಂಬ ನಿಯಮ ಇಲ್ಲ. ಬಾಗದ ಸೀಟಿಗೂ ಹಾಗೆಯೇ. ನೆಟ್ಟಗೆ ನಿಲ್ಲದ ಸೀಟಿನಲ್ಲಿ ಮಾತ್ರ ಯಾರನ್ನೂ ಕೂರಿಸುವಂತಿಲ್ಲ. ಹಾಗಾಗಿ ಸಂಸ್ಥೆಯ ಹೆಸರಿಗಿಂತ ಆ ದಿನ ಹಾರುವ ವಿಮಾನ ಯಾವುದು ಎಂಬುದನ್ನು ನೋಡಿ. ಟಿಕೆಟ್ ಮಾಡುವಾಗ ವಿಮಾನದ ಮಾದರಿ ಬರೆದಿರುತ್ತದೆ. 2023ರ ಕೊನೆಗೆ ಬರತೊಡಗಿದ ಏರ್‌ಬಸ್ ಎ350 ಸಿಕ್ಕರೆ ಒಳ್ಳೆಯದು. ಕೊನೆ ಗಳಿಗೆಯಲ್ಲಿ ವಿಮಾನ ಬದಲಾಗುವುದೂ ಉಂಟು, ಆದ್ದರಿಂದ ಅಪ್ಪನ ಮೊಬೈಲಿಗೆ ನಾಲ್ಕೈದು ತಾಳಮದ್ದಳೆ ಇಳಿಸಿಕೊಡಿ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಇನ್ನು ದಾರಿ. ಪಾಕಿಸ್ತಾನ 2025ರ ಏಪ್ರಿಲ್ 24ರಂದು ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದ ಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳು ಸುತ್ತಿ ಹೋಗಬೇಕಾಯಿತು. ಕೆಲವು ವಿಯೆನ್ನಾದಲ್ಲಿ ಇಂಧನಕ್ಕೆ ಇಳಿದವು. ಹದಿನಾರು ಗಂಟೆ ಹದಿನೆಂಟಾದರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಸಣ್ಣ ವಿಷಯವಲ್ಲ. ಗಲ್ಫ್ ಸಂಸ್ಥೆಗಳಿಗೆ ಈ ತೊಡಕಿಲ್ಲ. ಆದರೆ 2025ರ ಜೂನಿನಲ್ಲಿ ಕತಾರಿನ ಆಕಾಶವೂ ಕೆಲವು ಗಂಟೆ ಮುಚ್ಚಿತ್ತು. ಟಿಕೆಟ್ ಮಾಡುವ ವಾರದ ಸುದ್ದಿ ನೋಡಿಯೇ ನಿರ್ಧರಿಸಿ. ಆಕಾಶ ತೆರೆದಿದ್ದರೆ ನಾನು ನಿಮ್ಮ ಅಪ್ಪ ಅಮ್ಮನಿಗೆ ಗಲ್ಫ್ ದಾರಿಯನ್ನೇ ಹೇಳುತ್ತೇನೆ, ಅದಕ್ಕೆ ಮುಖ್ಯ ಕಾರಣ ಮಾತು. ದುಬೈ, ಅಬುಧಾಬಿ, ದೋಹಾ ನಿಲ್ದಾಣಗಳಲ್ಲಿ ಮಲಯಾಳ ಆಡುವ ಕೆಲಸಗಾರರು ಸಿಕ್ಕೇ ಸಿಗುತ್ತಾರೆ. ಹಿಂದಿ ಬಾರದವರಿಗೆ ದೆಹಲಿಯ ಮೂರನೇ ಟರ್ಮಿನಲ್ ಅದಕ್ಕಿಂತ ಪರದೇಶ. ಹದಿನಾರು ಗಂಟೆಯ ಕೂರುವಿಕೆ ನಡುವೆ ತುಂಡಾಗುವುದು ಅಮ್ಮನ ಮೊಣಗಂಟಿಗೂ ಒಳ್ಳೆಯದು. ಅಬುಧಾಬಿಯಲ್ಲಿ ಇನ್ನೊಂದು ಅನುಕೂಲ: ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಅಲ್ಲೇ ಮುಗಿಯುತ್ತದೆ.

ಯಾವ ದಾರಿಯಾದರೂ ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮಂಗಳೂರಿನಿಂದ ದುಬೈಗೆ ಒಂದು, ಅಲ್ಲಿಂದ ಮುಂದಕ್ಕೆ ಬೇರೊಂದು ಟಿಕೆಟ್ ಮಾಡಿ ಕೆಲವು ಸಾವಿರ ಉಳಿಸಲು ಹೋಗಬೇಡಿ. ಜುಲೈಯಲ್ಲಿ ಬಜಪೆಯ ಗುಡ್ಡದ ಮೇಲಿನ ರನ್‌ವೇಗೆ ಮಳೆ, ಮಂಜು ಕವಿದರೆ ಇವರನ್ನು ಒಯ್ಯಲು ಬರುವ ವಿಮಾನ ಬೇರೆ ಊರಿಗೆ ತಿರುಗುತ್ತದೆ, ಹೊರಡುವುದು ತಡವಾಗುತ್ತದೆ. ಒಂದೇ ಪಿಎನ್‌ಆರ್ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಸಂಸ್ಥೆಯ ಹೊಣೆ. ಬೇರೆ ಬೇರೆ ಇದ್ದರೆ ಎರಡನೆಯ ಟಿಕೆಟಿನ ದುಡ್ಡು ನೀರಿಗೆ. ಬೆಂಗಳೂರು ಅಥವಾ ಕೊಚ್ಚಿಯಿಂದ ಹೊರಡುವುದಾದರೆ ಹಿಂದಿನ ದಿನವೇ ರೈಲಿನಲ್ಲಿ ತಲುಪಿರಲಿ.

ವೀಲ್‌ಚೇರ್ ಬಗ್ಗೆ ಸಂಕೋಚ ಬೇಡ, ಆದರೆ ಸಂಕೇತ ಸರಿಯಾಗಿರಲಿ. ಡಬ್ಲ್ಯುಸಿಎಚ್‌ಆರ್ ಎಂದರೆ ‘ದೂರ ನಡೆಯಲಾರರು, ಮೆಟ್ಟಿಲು ಹತ್ತಬಲ್ಲರು’. ಅಮ್ಮನಿಗೆ ಮೆಟ್ಟಿಲೇ ಕಷ್ಟವಾದರೆ ಡಬ್ಲ್ಯುಸಿಎಚ್‌ಎಸ್ ಬೇಕು. 48 ಗಂಟೆ ಮೊದಲು ಕೇಳಿ, ಟಿಕೆಟಿನಲ್ಲಿ ಅಚ್ಚಾಗಿದೆಯೇ ನೋಡಿ, ಇಬ್ಬರಿಗೂ ಹಾಕಿಸಿ. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬಯಿಗೆ ಬಂದ ದಂಪತಿಗೆ ಒಂದೇ ಕುರ್ಚಿ ಸಿಕ್ಕಿತು. ಹೆಂಡತಿಯನ್ನು ಕೂರಿಸಿ ಪಕ್ಕದಲ್ಲಿ ನಡೆದು ಹೊರಟ 80ರ ಯಜಮಾನರು ಕುಸಿದು ತೀರಿಕೊಂಡರು. ವಿಮಾನಯಾನ ನಿರ್ದೇಶನಾಲಯ ಏರ್ ಇಂಡಿಯಾಕ್ಕೆ 30 ಲಕ್ಷ ದಂಡ ಹಾಕಿತು. ಒಂದೇ ಕುರ್ಚಿ ಬಂದರೆ ಎರಡನೆಯದು ಬರುವವರೆಗೆ ಇಬ್ಬರೂ ಕೂತೇ ಇರಬೇಕೆಂದು ಹೊರಡುವ ಮೊದಲೇ ಹೇಳಿಬಿಡಿ.

787ರಲ್ಲಿ ಎಕಾನಮಿ ಸಾಲು 3-3-3. ಸಿ ಮತ್ತು ಡಿ ಸೀಟುಗಳ ನಡುವೆ ಓಡಾಡುವ ದಾರಿ; ಅವೆರಡನ್ನು ತೆಗೆದುಕೊಂಡರೆ ಇಬ್ಬರಿಗೂ ಯಾರನ್ನೂ ಎಬ್ಬಿಸದೆ ಏಳಬಹುದು, ಒಬ್ಬರಿಗೊಬ್ಬರು ಕಣ್ಣಿಗೂ ಬೀಳುತ್ತಾರೆ. ತುರ್ತು ಬಾಗಿಲಿನ ಸಾಲು ಇವರಿಗೆ ಕೊಡುವುದಿಲ್ಲ. ಕೊನೆಯ ಸಾಲು ಬೇಡ, ಅಲ್ಲಿ ಶೌಚಾಲಯದ ಸರತಿ ನಿಲ್ಲುತ್ತದೆ. ಅಲ್ಲಿನ ಕಮೋಡ್ ನೀರಿನಿಂದಲ್ಲ, ಗಾಳಿಯ ಸೆಳೆತದಿಂದ ಖಾಲಿಯಾಗುತ್ತದೆ. ಬಟ್ಟೆ, ಪ್ಲಾಸ್ಟಿಕ್ ಹಾಕಿದರೆ ಕೊಳವೆಯೇ ಕಟ್ಟುತ್ತದೆ. 2025ರ ಮಾರ್ಚಿನಲ್ಲಿ ಷಿಕಾಗೋದಿಂದ ದೆಹಲಿಗೆ ಹೊರಟ ವಿಮಾನವೊಂದು 12ರಲ್ಲಿ 8 ಶೌಚಾಲಯ ಹೀಗೆ ಕೆಟ್ಟು ಅರ್ಧದಾರಿಯಿಂದ ಹಿಂತಿರುಗಿತು. ಅಮ್ಮನಿಗೆ ಇದನ್ನೂ ಹೇಳಿಡಿ.

ನಾಲ್ಕು ಗಂಟೆ ಮೀರಿ ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆದರೂ ಅದು 6000 ಮಂದಿಗೆ ಒಬ್ಬರ ಮಾತು. ಹೆದರಬೇಕಾಗಿಲ್ಲ, ಎರಡು ಗಂಟೆಗೊಮ್ಮೆ ಎದ್ದು ನಡೆಯಲಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲಿ. ಮೊಣಗಂಟಿನ ಕೆಳಗಿನವರೆಗೆ ಬರುವ ಬಿಗಿ ಕಾಲುಚೀಲವನ್ನು ಡಾಕ್ಟರರನ್ನು ಕೇಳಿಯೇ ಕೊಳ್ಳಿ, ಸಕ್ಕರೆ ಕಾಯಿಲೆಯ ಕಾಲಿಗೆ ಅದು ಯಾವಾಗಲೂ ಹೊಂದುವುದಿಲ್ಲ. 787ರೊಳಗಿನ ಗಾಳಿಯ ಒತ್ತಡ 6000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ಹೊಟ್ಟೆಯ ವಾಯು ಕಾಲುಭಾಗ ಹಿಗ್ಗುತ್ತದೆ. ಹೊರಡುವ ದಿನ ಹಲಸಿನ ಹಣ್ಣು, ಕಡಲೆ ಗಸಿ ಬೇಡ.

ಇನ್ಸುಲಿನ್ ಪೂರ್ತಿ ಕೈಚೀಲದಲ್ಲೇ ಹೋಗಬೇಕು. ಕೆಳಗಿನ ಲಗೇಜಿನಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆ ತಪ್ಪಿಹೋಗಲೂಬಹುದು. ಡಾಕ್ಟರರ ಚೀಟಿ ಇಂಗ್ಲಿಷಿನಲ್ಲಿರಲಿ. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ದಿನ ಅಷ್ಟು ಉದ್ದವಾಗುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಯೂನಿಟ್ ಎಂಬುದನ್ನು ಡಾಕ್ಟರರೇ ಬರೆದುಕೊಡಲಿ, ಊರಿನ ಗಡಿಯಾರದ ಲೆಕ್ಕದಲ್ಲಿ.

ಬಾಣಂತಿಯ ಗಂಟಿನಲ್ಲಿ ಕೊಬ್ಬರಿ ಇದ್ದೇ ಇರುತ್ತದೆ, ಅದನ್ನು ತೆಗೆದಿಡಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಒಣಕೊಬ್ಬರಿ ಇದೆ. ಸ್ಕ್ಯಾನರಿನಲ್ಲಿ ಕಂಡರೆ ಪೆಟ್ಟಿಗೆ ಬಿಚ್ಚಿಸುತ್ತಾರೆ. ಹಸಿ ಕರಿಬೇವನ್ನು ಅಮೆರಿಕ ಒಳಗೆ ಬಿಡುವುದಿಲ್ಲ, ಲಿಂಬೆ ಜಾತಿಯ ಗಿಡಗಳ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆಂದು. ಹಪ್ಪಳ, ಉಪ್ಪಿನಕಾಯಿ, ಲೇಹ್ಯ ಏನಿದ್ದರೂ ‘ತಿಂಡಿ ಇದೆ’ ಎಂದು ಹೇಳಿಬಿಡಲಿ. ಹೇಳಿದ ಮೇಲೆ ಕಿತ್ತುಕೊಂಡರೂ ದಂಡ ಇಲ್ಲ, ಮುಚ್ಚಿಟ್ಟರೆ ಇದೆ. ಲೇಹ್ಯದ ಡಬ್ಬಿಗೆ ಅಂಗಡಿಯ ಲೇಬಲ್ ಇರಲಿ.

ಪೆಟ್ಟಿಗೆ ಬಾರದಿದ್ದರೆ ನಿಲ್ದಾಣದಿಂದ ಹೊರಬೀಳುವ ಮೊದಲೇ ಲಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ದೂರಿನ ಕಾಗದ ಮಾಡಿಸಬೇಕು. ಒಡೆದ ಪೆಟ್ಟಿಗೆಗೆ ಬರಹದ ದೂರು 7 ದಿನದೊಳಗೆ, ತಡವಾದದ್ದಕ್ಕೆ ಅದು ಕೈಸೇರಿದ 21 ದಿನದೊಳಗೆ. ವೀಲ್‌ಚೇರ್ ತಳ್ಳುವವರು ಅವಸರಪಡಿಸಿದರೂ ಆ ಕಾಗದ ಕೈಗೆ ಬರುವವರೆಗೆ ಕದಲಬಾರದೆಂದು ಅಪ್ಪನಿಗೆ ಹೇಳಿ.

– ಸಂಪಾದಕ