ಆಪ್ತ ಸಲಹೆ: ‘ನಿಮ್ಮ ಬಲ್ಲಿ ಅದಾನಂತ ತಿಳ್ಕೊಂಡಿದ್ದೆ’

ಪ್ರಶ್ನೆ: ಹೋದ ಡಿಸೆಂಬರ್‌ನಲ್ಲಿ ಚಿಂಚೋಳಿ ಕಾಡಿನ ಕಡೆ ಒಂದು ರಾತ್ರಿ ಟೆಂಟ್‌ನಲ್ಲಿ ಉಳಿಯಲು ಹೋಗಿದ್ದೆವು. ನಾನು, ಗಂಡ, ಮಾವ, ನಾದಿನಿ, ನಾಲ್ಕು ವರ್ಷದ ಮಗ. ಸಂಜೆ ಪಾತ್ರೆ ತೊಳೆಯಲು ನಳದ ಕಡೆ ಹೊರಟಾಗ ಮಾವನಿಗೆ ‘ಇವನಿಗಿ ನೋಡ್ಕೋರಿ’ ಅಂದೆ. ವಾಪಸ್ ಬಂದರೆ ಮಗ ಇಲ್ಲ. ಗಂಡ ಅವನು ನನ್ನ ಜೊತೆ ಇದ್ದಾನೆ ಅಂದುಕೊಂಡಿದ್ದರು. ನಾದಿನಿ ಅವನು ಅಪ್ಪನ ಜೊತೆ ಅಂದುಕೊಂಡಿದ್ದಳು. ಐವತ್ತು ನಿಮಿಷ ಕೂಗಿ ಕೂಗಿ ಹುಡುಕಿದೆವು. ಕೊನೆಗೆ ಕಟ್ಟಿಗೆ ಆರಿಸುತ್ತಿದ್ದ ತಾಂಡಾದ ಹೆಂಗಸೊಬ್ಬರು ಕರೆದುಕೊಂಡು ಬಂದರು. ಇನ್ನೂರು ಹೆಜ್ಜೆ ಆಚೆ ಪೊದೆ ಹಿಂದೆ ಸುಮ್ನೆ ಕೂತಿದ್ದನಂತೆ. ‘ಯಾಕೋ ಓ ಅನ್ಲಿಲ್ಲ?’ ಅಂದರೆ, ‘ಎಲ್ಲಾರೂ ಬೈಲತ್ತಿದ್ರು’ ಅಂದ.

ಮಾವ ಎಲ್ಲರ ಮುಂದೆ ‘ನನಗ್ಯಾರೂ ಹೇಳೇ ಇಲ್ಲ’ ಅಂದುಬಿಟ್ಟರು. ಅವರಿಗೆ 72 ವರ್ಷ. ಈಗ ಮೊಮ್ಮಗನನ್ನು ಎತ್ತಿಕೊಳ್ಳುವುದೇ ಇಲ್ಲ. ಟಿವಿ ಸೌಂಡು ಜೋರಾಗಿಟ್ಟು ಕೂತಿರುತ್ತಾರೆ. ಗಂಡ ಮಾತಿಗೊಮ್ಮೆ ನನ್ನನ್ನು ‘ಕೂಸಿಗಿ ಬಿಟ್ಟು ಹೋದಾಕಿ’ ಅನ್ನುತ್ತಾರೆ. ಸತ್ಯ ಹೇಳಿದರೆ ಮಾವ ಕುಗ್ಗಿಹೋಗುತ್ತಾರೆ. ತಪ್ಪೆಲ್ಲ ನನ್ನದೇ ಅಂತ ಒಪ್ಪಿಕೊಂಡುಬಿಡಲಾ? ರಾತ್ರಿ ನಿದ್ದೆ ಇಲ್ಲ. ಅಮೆರಿಕದ ಕ್ಯಾಂಪ್ ಒಂದರಲ್ಲಿ ಕಾಣೆಯಾದ ಮಗುವಿನ ವಿಡಿಯೊಗಳನ್ನೇ ನೋಡುತ್ತಾ ಇರುತ್ತೇನೆ. ಇನ್ನೊಂದು ಮಾತು. ನಾನು ಹೇಳಿದ್ದು ನಿಜ. ಆದರೆ ಹೇಳುವಾಗ ತಿರುಗಿ ನೋಡಲಿಲ್ಲ.
– ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ನಿಮ್ಮ ಪತ್ರದ ಕೊನೆಯ ಸಾಲನ್ನು ಮೂರು ಸಲ ಓದಿದೆ. ಬರೆಯಲೋ ಬೇಡವೋ ಅಂತ ತಡಕಾಡಿ ಕಡೆಗೆ ಬರೆದ ಸಾಲು ಅದು, ಅಲ್ವಾ? ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಅದರ ಜೊತೆಗೆ ಆ ಟಿವಿ ಸೌಂಡು.

ವಯಸ್ಸಾದಾಗ ಕಿವಿ ಒಂದೇ ಸಲ ಮುಚ್ಚುವುದಿಲ್ಲ. ಮೊದಲು ತಪ್ಪುವುದು ತೆಳು ದನಿ, ಹೆಂಗಸರದು, ಮಕ್ಕಳದು. ಗಂಡಸರ ಗಡಸು ದನಿ ಇನ್ನೂ ಚೆನ್ನಾಗಿ ಕೇಳಿಸುತ್ತಿರುತ್ತದೆ. ಹಾಗಾಗಿ ಕಿವಿ ಮಂದವಾಗಿದೆ ಅಂತ ಸ್ವತಃ ಅವರಿಗೇ ಗೊತ್ತಾಗುವುದಿಲ್ಲ. ‘ಇವರೆಲ್ಲ ಬಾಯೊಳಗೇ ಮಾತಾಡ್ತಾರ’ ಅಂತ ನಮ್ಮನ್ನೇ ದೂರುತ್ತಾರೆ. ಎದುರಿಗೆ ನಿಂತು ಹೇಳಿದರೆ ಮುಖ, ತುಟಿ ನೋಡಿ ಅಂದಾಜು ಮಾಡಿಕೊಳ್ಳುತ್ತಾರೆ. ಬೆನ್ನು ಮಾಡಿ, ಪಾತ್ರೆ ಸದ್ದಿನ ನಡುವೆ, ಬಯಲು ಗಾಳಿಯಲ್ಲಿ ಹೇಳಿದರೆ ಮುಗೀತು. ನಾನು ಡಾಕ್ಟರ್ ಅಲ್ಲ, ಪತ್ರ ಓದಿ ಕಿವಿ ಪರೀಕ್ಷೆ ಮಾಡಲಾರೆ. ಆದರೂ ನನಗನ್ನಿಸುವುದು, ನೀವು ಹೇಳಿದ್ದೂ ನಿಜ, ಅವರಿಗೆ ಕೇಳದಿದ್ದದ್ದೂ ನಿಜ. ನೀವು ಇಷ್ಟು ತಿಂಗಳು ಯಾರ ಸುಳ್ಳನ್ನು ಮುಚ್ಚಿಡುತ್ತಿದ್ದೇನೆ ಅಂದುಕೊಂಡಿದ್ದಿರೋ, ಅಲ್ಲಿ ಸುಳ್ಳೇ ಇಲ್ಲದಿರಬಹುದು.

ನೀವು ನೋಡುತ್ತಿರುವ ಆ ಅಮೆರಿಕದ ಪ್ರಕರಣ ನನಗೂ ಗೊತ್ತು. 2015ರ ಜುಲೈ 10, ಐಡಾಹೊ ರಾಜ್ಯದ ಟಿಂಬರ್ ಕ್ರೀಕ್ ಕ್ಯಾಂಪ್. ಎರಡೂವರೆ ವರ್ಷದ ಹುಡುಗ, ಜೊತೆಗೆ ನಾಲ್ಕು ಜನ ದೊಡ್ಡವರು. ಮಗು ಮುತ್ತಜ್ಜನ ಹತ್ತಿರ ಇದೆ ಅಂತ ತಂದೆ ತಾಯಿ ತಿಳಿದಿದ್ದರಂತೆ. ತಂದೆ ತಾಯಿ ಜೊತೆ ಹೋಗಿದೆ ಅಂತ ಮುತ್ತಜ್ಜ. ನಾಯಿ ಬಂತು, ಹೆಲಿಕಾಪ್ಟರ್ ಬಂತು, ಮಗು ಸಿಗಲಿಲ್ಲ. ಅನುಮಾನ ಮನೆಯವರ ಮೇಲೇ ತಿರುಗಿತು, ಅವರು ಅಲ್ಲಗಳೆದರು, ಯಾವುದೂ ಸಾಬೀತಾಗಿಲ್ಲ. ನಿಮ್ಮನ್ನು ಅದು ಯಾಕೆ ಹಿಡಿದಿದೆ ಅಂತ ಅರ್ಥವಾಗುತ್ತದೆ. ಆದರೆ ಆ ವಿಡಿಯೊ ಮಾಡುವವರು ಗೂಡಂಗಡಿ ಕಟ್ಟೆ ಮೇಲೆ ಕೂತು ಕೇಸು ತೀರ್ಮಾನಿಸುವವರ ಜಾತಿ. ರಾತ್ರಿ ಎರಡು ಗಂಟೆಗೆ ಅವರ ಎದುರು ನೀವು ನಿಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೀರಿ. ನಿಮ್ಮ ಮಗ ಪಕ್ಕದಲ್ಲೇ ಮಲಗಿದ್ದಾನೆ. ಇವತ್ತಿನಿಂದ ಅದು ಬಂದ್.

ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಅಂತಾರಲ್ಲ, ಕೂಸು ನೋಡಿಕೊಳ್ಳುವುದೂ ಹಾಗೇ. ನಾನೇ ಸಣ್ಣವಳಿದ್ದಾಗ ಶರಣಬಸವೇಶ್ವರ ಜಾತ್ರೆಯಲ್ಲಿ ಕಳೆದುಹೋಗಿದ್ದೆ. ಅವ್ವ ನನ್ನನ್ನು ಚಿಗವ್ವನ ಬಲ್ಲಿ ಬಿಟ್ಟೆ ಅಂದುಕೊಂಡಿದ್ದಳು, ಚಿಗವ್ವ ಅವ್ವನ ಬಲ್ಲಿ ಇದ್ದಾಳೆ ಅಂದುಕೊಂಡಿದ್ದಳು. ನಾನು ಬಳೆ ಅಂಗಡಿಯವಳ ಪಕ್ಕ ಕೂತು ಬೆಂಡು ಬತ್ತಾಸು ತಿನ್ನುತ್ತಿದ್ದೆ. ಮೈಕಿನಲ್ಲಿ ಹೆಸರು ಕೂಗಿದಾಗ ಅದು ಇನ್ಯಾರದೋ ಅನ್ನಿಸಿತ್ತು. ನಾನು ಅರ್ಧ ತಾಸಿನಲ್ಲಿ ಸಿಕ್ಕೆ. ಅಕ್ಕತಂಗಿಯರು ಮಾತ್ರ ಅದರ ಬಗ್ಗೆ ಕೂತು ಮಾತಾಡಲೇ ಇಲ್ಲ. ಮೂವತ್ತು ವರ್ಷ ಆದ ಮೇಲೂ ಮದುವೆ ಮನೆಯಲ್ಲಿ ಚಿಗವ್ವ ಯಾರದಾದರೂ ಮಗು ಎತ್ತಿಕೊಂಡರೆ ಅವ್ವ ಒಂದು ಮಾತು ಅಂದೇ ಅನ್ನುತ್ತಿದ್ದಳು. ಚಿಗವ್ವ ಮಗುವನ್ನು ಕೆಳಗಿಳಿಸುತ್ತಿದ್ದಳು.

ನಿಮ್ಮ ಮಾವ ಈಗ ಮಾಡುತ್ತಿರುವುದು ಅದನ್ನೇ.

ಅದಕ್ಕೇ ತಪ್ಪೆಲ್ಲ ನನ್ನದು ಅಂತ ಮೈಮೇಲೆ ಎಳೆದುಕೊಳ್ಳಬೇಡಿ. ಅದರಿಂದ ಗಂಡನ ಮಾತಿಗೆ ಠಸ್ಸೆ ಒತ್ತಿದಂತಾಗುತ್ತದೆ. ಮಾವನಿಗೂ ಬಿಡುಗಡೆ ಇಲ್ಲ. ತಮ್ಮಿಂದಲೂ ಏನೋ ತಪ್ಪಾಯಿತು ಅನ್ನುವುದು ಅವರಿಗೆ ಗೊತ್ತಿದೆ. ಇಲ್ಲದಿದ್ದರೆ ಮೊಮ್ಮಗನನ್ನು ಯಾಕೆ ದೂರ ಇಡುತ್ತಿದ್ದರು? ಮೊದಲು ಅವರೊಬ್ಬರ ಹತ್ತಿರ ಮಾತಾಡಿ. ನಾದಿನಿ ಬೇಡ, ಗಂಡ ಬೇಡ. ಮಧ್ಯಾಹ್ನ ಉಂಡ ಮೇಲೆ, ಟಿವಿ ಬಂದ್ ಮಾಡಿ, ಎದುರಿಗೆ ಕೂತು. ‘ಮಾವಾರ, ನಾ ಹೇಳಿದ್ದೆ. ಆದ್ರ ನಿಮಗ ಕೇಳಿಸ್ತೋ ಇಲ್ಲೋ ನೋಡದೇ ಹೋದೆ. ಅದು ನನ್ನ ತಪ್ಪು.’ ಇಷ್ಟೇ. ನಿಮ್ಮ ಪಾಲಿನಷ್ಟು ಮಾತ್ರ ಒಪ್ಪಿಕೊಳ್ಳಿ. ಮುಂದಿನ ಮಾತು ಅವರದು. ಎರಡು ದಿನ ತಡೆದು ಕಿವಿ ತೋರಿಸುವ ವಿಷಯ ಎತ್ತಿ. ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಕಿವಿ ವಿಭಾಗ ಇದೆಯಲ್ಲ. ಅದೇ ದಿನ ಎತ್ತಿದರೆ ಅವರಿಗೆ ಬೈದಂಗೆ ಕೇಳಿಸುತ್ತದೆ.

ಗಂಡನಿಗೆ ಬೇರೆ ಮಾತು, ಅದೂ ಮಾವನ ಜೊತೆ ಮಾತಾದ ಮೇಲೆ. ‘ಕೂಸಿಗಿ ಬಿಟ್ಟು ಹೋದಾಕಿ’ ಅನ್ನುವವರು ತಾವೂ ಅಲ್ಲೇ ಇದ್ದರಲ್ಲ? ಅಪ್ಪ ಅಂದರೆ ಕ್ಯಾಂಪಿಗೆ ಬಂದ ಬೀಗರೇ? ಹೀಗೆ ನೇರ ಕೇಳಿ ಅಂತ ನಾನು ಹೇಳುವುದಿಲ್ಲ, ನಿಮ್ಮ ಮನೆ ನಿಮಗೆ ಗೊತ್ತು. ಆದರೆ ಆ ಮಾತನ್ನು ಮಗನ ಎದುರು ಇನ್ನೊಮ್ಮೆ ಆಡಬಾರದು ಅಂತ ಗಟ್ಟಿಯಾಗಿ ಹೇಳಿ. ಯಾಕೆ ಅಂದರೆ, ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅವನ ಆ ಮಾತು. ಎಲ್ಲಾರೂ ಬೈಲತ್ತಿದ್ರು. ನಾವು ಗಾಬರಿಯಲ್ಲಿ ಹೆಸರು ಕೂಗುತ್ತೇವೆ, ಪೊದೆ ಹಿಂದಿನ ಕೂಸಿಗೆ ಅದು ಸಿಟ್ಟಾಗಿ ಕೇಳುತ್ತದೆ.

1981ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ದಾರಿ ತಪ್ಪಿ ತೀರಿಕೊಂಡ. ಅವನನ್ನು ಹುಡುಕಲು ಹೋದವರೇ ಆಮೇಲೆ ಮಕ್ಕಳಿಗೆ ಒಂದು ಪಾಠ ಶುರು ಮಾಡಿದರು. ದಾರಿ ತಪ್ಪಿದರೆ ಒಂದು ಮರ ಅಪ್ಪಿಕೊಂಡು ಅಲ್ಲೇ ಇರು, ಅಂತ. (ನಮಗೆ ಅಪ್ಪಿಕೋ ಅಂದರೆ 1983ರ ಶಿರಸಿ ಚಳವಳಿ ನೆನಪಾಗುತ್ತದೆ. ಅಲ್ಲಿ ಉಳಿದದ್ದು ಮರ, ಇಲ್ಲಿ ಉಳಿಯಬೇಕಾದದ್ದು ಕೂಸು.) ಅದೇ ಪಾಠದಲ್ಲಿ ಇನ್ನೊಂದು ಮಾತೂ ಇದೆ, ಅಪ್ಪ ಅಮ್ಮ ನಿನ್ನ ಮೇಲೆ ಸಿಟ್ಟಾಗಿಲ್ಲ. ನಿಮ್ಮ ಮಗನಿಗೆ ಇವೆರಡನ್ನೂ ಆಟದ ಹಾಗೆ ಕಲಿಸಿ. ಮನೆ ಮುಂದಿನ ಬೇವಿನ ಮರ ಸಾಕು. ಅಂದ ಹಾಗೆ, ಯಾವ ಮಗುವಾದರೂ ಕಾಣದಿದ್ದರೆ ಮೊದಲು ನೀರಿನ ಕಡೆ ನೋಡಿ, ಒಬ್ಬರು ಕೂಡಲೇ 112ಕ್ಕೆ ಫೋನ್ ಮಾಡಲಿ. ನಾಳೆ ಬನ್ನಿ ಅಂತ ಠಾಣೆಯಲ್ಲಿ ಹೇಳುವ ಹಾಗಿಲ್ಲ. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ವಿಡಿಯೊ ಬಿಟ್ಟ ಮೇಲೂ ಎರಡು ವಾರ ನಿದ್ದೆ ಬರದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾವನ ಜೊತೆ ಮಾತಾದ ಮರುದಿನ ಬೆಳಿಗ್ಗೆ ಹಾಲು ತರಲು ಅವರು ಚಪ್ಪಲಿ ಮೆಟ್ಟುವಾಗ ಮಗನನ್ನು ಕರೆದುಕೊಂಡು ಹೋಗಿ ಎದುರಿಗೆ ನಿಲ್ಲಿ. ಅವನ ಕೈಯನ್ನು ಅವರ ಕೈಯೊಳಗೆ ಇಡಿ. ‘ಮಾವಾರ, ಹಿಡ್ಕೋರಿ’ ಅನ್ನಿ. ಅವರು ‘ಹಿಡ್ಕೊಂಡೀನಿ’ ಅನ್ನುವ ತನಕ ಅಲ್ಲೇ ನಿಂತಿರಿ.